ಟಂಕಸಾಲೆಯ ತಪ್ಪೋ, ರೈಲು ಹಳಿಯ ಕೆಲಸವೋ?

ಅರಸೀಕೆರೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ಚಿಲ್ಲರೆಗಾಗಿ ನಾನು ಪರದಾಡುವುದಿಲ್ಲ. ಹುಂಡಿ ಎಣಿಕೆ ಮುಗಿದ ಮರುದಿನ ದೇವಸ್ಥಾನಕ್ಕೆ ನೋಟು ಕೊಟ್ಟು ನಾಣ್ಯದ ಚೀಲ ಹೊತ್ತು ತರುತ್ತೇನೆ. ರಾತ್ರಿ ಬಾಗಿಲು ಹಾಕಿದ ಮೇಲೆ ಅದನ್ನು ಗೋಣಿತಾಟಿನ ಮೇಲೆ ಸುರಿದು ವಿಂಗಡಿಸುವುದು ಹನ್ನೆರಡು ವರ್ಷಗಳ ಅಭ್ಯಾಸ. ಕುಂಕುಮ ಮೆತ್ತಿದವು, ಎಣ್ಣೆಜಿಡ್ಡು ಹಿಡಿದವು, ಹೊಸ್ತಿಲಿಗೆ ಹೊಡೆದು ಮತ್ತೆ ಕಿತ್ತವು, ಮಗುವಿನ ಕೊರಳಿಗೆ ಕಟ್ಟಲು ತೂತು ಕೊರೆದವು. ಜನ ನಾಣ್ಯಕ್ಕೆ ಏನೇನು ಮಾಡಬಲ್ಲರು ಎಂದು ತಿಳಿಯಲು ಹುಂಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಆದರೆ ಆ ಪಾಠ ನನಗೆ ಹತ್ತಿದ್ದು ತಡವಾಗಿ. ಮೊದಲ ವರ್ಷ 'ಎರರ್ ನಾಣ್ಯ', ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದದ್ದು, ಎಂದು ಜೋಪಾನವಾಗಿ ಎತ್ತಿಟ್ಟದ್ದು ಒಂದು ರೂಪಾಯಿಯ ಅಗಲವಾದ, ತೆಳ್ಳಗಿನ ನಾಣ್ಯ. ಅಚ್ಚಿನ ಸುತ್ತ ಇರಬೇಕಾದ ಕಾಲರ್ ಬಳೆ ಕೆಳಗೇ ಉಳಿದಾಗ ಏಟು ಬಿದ್ದರೆ ಲೋಹ ಹೊರಕ್ಕೆ ಹರಡುತ್ತದೆ, ಅದನ್ನು ಬ್ರಾಡ್‌ಸ್ಟ್ರೈಕ್ ಎನ್ನುತ್ತಾರೆ ಎಂದು ಎಲ್ಲೋ ಓದಿದ್ದೆ. ಸಿಕ್ಕಿಯೇಬಿಟ್ಟಿತು ಎಂದು ಹಿಗ್ಗಿ ನಾಲ್ಕು ಜನರಿಗೆ ತೋರಿಸಿದೆ. ಐದನೆಯವನು ಪಕ್ಕದ ಮನೆಯ ಹುಡುಗ. "ಅಂಕಲ್, ಇದನ್ನು ನಾವೇ ಹಳಿ ಮೇಲೆ ಇಟ್ಟದ್ದು" ಎಂದ. ಜಂಕ್ಷನ್ ಇರುವ ಊರಿನಲ್ಲಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಆಮೇಲೆ ಅದನ್ನೇ ಭೂತಗನ್ನಡಿಯಡಿ ಇಟ್ಟು ನೋಡಿದೆ. ನಾಣ್ಯ ಒಂದೇ ದಿಕ್ಕಿಗೆ ಎಳೆದಂತೆ ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಜೊತೆಗೆ ಸಿಂಹವೂ ಹಿಗ್ಗಿತ್ತು, ಅಕ್ಷರಗಳು ಎರಡೂ ಮುಖದಲ್ಲಿ ಕರಗಿ ಸಪಾಟಾಗಿದ್ದವು. ನಿಜವಾದ ಬ್ರಾಡ್‌ಸ್ಟ್ರೈಕ್‌ನಲ್ಲಿ ಲೋಹವನ್ನು ಒತ್ತುವುದು ಅಚ್ಚೇ ಆದ್ದರಿಂದ ನಡುವಿನ ಚಿತ್ತಾರ ಖಡಕ್ಕಾಗಿಯೇ ಇರುತ್ತದೆ. ಅಂಚು ಮಾತ್ರ ತಡೆಯಿಲ್ಲದೆ ಸುತ್ತಲೂ ಚಾಚಿಕೊಳ್ಳುತ್ತದೆ. ರೈಲಿನ ಗಾಲಿಯಲ್ಲಿ ಸಿಂಹದ ಅಚ್ಚು ಎಲ್ಲಿಂದ ಬರಬೇಕು?

ಅಂದಿನಿಂದ ಪ್ರತಿ ನಾಣ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಟಂಕಸಾಲೆಯ ಯಾವ ಹಂತದಲ್ಲಿ ಆಗಲು ಸಾಧ್ಯ? ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ, ಕಾಯಿಸಿ ಮೆದು ಮಾಡುತ್ತಾರೆ, ಅಂಚನ್ನು ಒತ್ತಿ ಎಬ್ಬಿಸುತ್ತಾರೆ, ಕಾಲರ್ ಒಳಗೆ ಎರಡು ಅಚ್ಚುಗಳ ನಡುವೆ ಇಟ್ಟು ಏಟು ಕೊಡುತ್ತಾರೆ. ತಪ್ಪಾಗುವುದು ಬಿಲ್ಲೆಯಲ್ಲಿ, ಅಚ್ಚಿನಲ್ಲಿ ಅಥವಾ ಏಟಿನಲ್ಲಿ. ಈ ಮೂರರಲ್ಲಿ ಯಾವುದು ಎಂದು ಹೇಳಲಾಗದಿದ್ದರೆ ಆ ನಾಣ್ಯ ಮರುದಿನ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ.

ನನ್ನಲ್ಲಿರುವ ಅಪ್ಪಟ ಎರರ್‌ಗಳಲ್ಲಿ ನನಗೆ ಹೆಚ್ಚು ಪ್ರೀತಿ ಒಂದು ರೂಪಾಯಿಯ ಕ್ಲಿಪ್ ನಾಣ್ಯದ ಮೇಲೆ. 1992ರಲ್ಲಿ ಬಂದ 25 ಮಿಲಿಮೀಟರ್ ಅಗಲದ ಸ್ಟೀಲ್ ನಾಣ್ಯ ಅದು. ಬಿಸ್ಕತ್ತನ್ನು ಯಾರೋ ಕಚ್ಚಿದಂತೆ ಒಂದು ಬದಿಯಲ್ಲಿ ಬಾಗಿದ ಕೊರತೆ. ಪಟ್ಟಿ ಸಾಕಷ್ಟು ಮುಂದಕ್ಕೆ ಸರಿಯದೆ ಹಿಂದಿನ ತೂತಿನ ಮೇಲೆಯೇ ಕತ್ತರಿ ಬಿದ್ದಾಗ ಹೀಗಾಗುತ್ತದೆ. ಇದನ್ನು ಅರದಿಂದ ಉಜ್ಜಿಯೂ ಮಾಡಬಹುದಲ್ಲ ಎಂದು ನನಗೂ ಅನಿಸಿತ್ತು. ಮೊದಲು ತೂಗಿದೆ. 4.85 ಗ್ರಾಂ ಇರಬೇಕಾದದ್ದು ನಾಲ್ಕೂವರೆ ಗ್ರಾಂ ಆಸುಪಾಸಿಗೆ ನಿಂತಿತು. ಉಜ್ಜಿದರೂ ತೂಕ ಇಳಿಯುತ್ತದೆ, ಆದ್ದರಿಂದ ಅದು ಸಾಕ್ಷಿಯಲ್ಲ. ಸಾಕ್ಷಿ ಇದ್ದದ್ದು ಕೊರತೆಯ ನೇರ ಎದುರು ಬದಿಯಲ್ಲಿ. ಅಲ್ಲಿ ಅಂಚು ಎದ್ದೇ ಇರಲಿಲ್ಲ, ಮಾಸಿಹೋದಂತೆ ತಗ್ಗಾಗಿತ್ತು. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಬದಿಯಿಂದ ಒತ್ತಿ ಉರುಳಿಸುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಸಿಗುವುದಿಲ್ಲ. ಸಂಗ್ರಾಹಕರು ಇದಕ್ಕೆ ಬ್ಲೇಕ್ಸ್‌ಲಿ ಎಫೆಕ್ಟ್ ಎನ್ನುತ್ತಾರೆ. ಕೊರತೆಯ ಪಕ್ಕದ ಅಕ್ಷರಗಳೂ ಖಾಲಿ ಜಾಗದ ಕಡೆಗೆ ಒಂದಿಷ್ಟು ಎಳೆದುಕೊಂಡಿದ್ದವು. ಅರ ಹಿಡಿದವನಿಗೆ ಕೊರತೆ ಮಾಡಲು ಬರುತ್ತದೆ, ಎದುರಿನ ಅಂಚನ್ನು ಮಾಸಿಸುವ ಯೋಚನೆ ಬರುವುದಿಲ್ಲ. ಈ ನಾಣ್ಯವನ್ನು ಇಂದಿಗೂ ಯಾರಿಗೂ ಮಾರಿಲ್ಲ.

ಇನ್ನು ನಾನು ದುಡ್ಡು ಕಳೆದುಕೊಂಡ ಕಥೆ. ಅಚ್ಚಿಗೆ ಹಿಂದಿನ ನಾಣ್ಯ ಅಂಟಿಕೊಂಡು ಉಳಿದರೆ ಮುಂದಿನ ಬಿಲ್ಲೆಗೆ ಆ ಅಚ್ಚಿನ ಬದಲು ಅಂಟಿದ ನಾಣ್ಯವೇ ಒತ್ತುತ್ತದೆ. ಆಗ ಒಂದು ಮುಖದಲ್ಲಿ ಸರಿಯಾದ ಸಿಂಹ, ಇನ್ನೊಂದರಲ್ಲಿ ಅದೇ ಸಿಂಹ ತಿರುವುಮುರುವಾಗಿ, ತಗ್ಗಾಗಿ ಮೂಡುತ್ತದೆ. ಬ್ರಾಕೇಜ್ ಎನ್ನುವ ಇದಕ್ಕೆ ನಮ್ಮ ದೇಶದ ಸಂಗ್ರಾಹಕರ ಮಾತು 'ಲಾಖಿ'. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಎಂಬತ್ತರ ದಶಕದ ತಾಮ್ರ-ನಿಕ್ಕಲ್‌ನ ಒಂದು ರೂಪಾಯಿ ಲಾಖಿ ಎಂದು ಒಬ್ಬರು ಕೊಟ್ಟರು, ನಾನು ಎರಡು ಸಾವಿರ ಕೊಟ್ಟೆ. ಚೌಕಾಸಿ ಮಾಡಿ ಐನೂರು ಇಳಿಸಿದೆ ಎಂಬ ಹೆಮ್ಮೆ ಬೇರೆ.

ಮನೆಗೆ ಬಂದು ದೀಪವನ್ನು ಓರೆಯಾಗಿ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ತಗ್ಗಿನ ಸಿಂಹದ ಕೆಳಗೆ ಆ ನಾಣ್ಯದ ಮಾಮೂಲಿ ಹಿಂಬದಿಯ ತೆನೆಯ ಗೆರೆಗಳು ಮಸುಕಾಗಿ ಇದ್ದವು, ಇಸವಿಯ ಕೊನೆಯ ಅಂಕಿಯೂ ಇತ್ತು. ಅಚ್ಚನ್ನು ಇನ್ನೊಂದು ನಾಣ್ಯ ಮುಚ್ಚಿದ್ದರೆ ತೆನೆ ಮೂಡಿದ್ದು ಹೇಗೆ? ನಾಣ್ಯವನ್ನು ಮಗುಚಿದೆ. ಸರಿಯಾದ ಮುಖದ ಸಿಂಹಗಳ ಮೂಗು, ಕೇಸರ, ಎದೆ, ಉಬ್ಬಿದ್ದೆಲ್ಲ ಚಪ್ಪಟೆಯಾಗಿ ಮಿನುಗುತ್ತಿತ್ತು. ಆದರೆ ಉಬ್ಬಿನ ನಡುವಿನ ತಗ್ಗುಗಳಲ್ಲಿ ಹಳೆಯ ಕೊಳೆ ಹಾಗೆಯೇ ಕೂತಿತ್ತು. ಕೈಯಿಂದ ಕೈಗೆ ಸವೆದಿದ್ದರೆ ಅಂಚೂ ಸವೆಯಬೇಕಿತ್ತು. ಯಾರೋ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಬೆಂಚ್ ವೈಸ್‌ನಲ್ಲಿ ಬಿಗಿದಿದ್ದರು: ಮೇಲಿನದು ಕೆಳಗಿನದಕ್ಕೆ ಗುರುತು ಬಿಟ್ಟಿತ್ತು, ವೈಸ್‌ನ ಕಬ್ಬಿಣದ ದವಡೆ ಹಿಂದಿನ ಸಿಂಹವನ್ನು ಅರೆದಿತ್ತು. ಅಸಲಿ ಲಾಖಿಯಲ್ಲಿ ಸರಿಯಾದ ಮುಖ ಅಚ್ಚಿನಿಂದ ಈಗಷ್ಟೇ ಬಂದಂತೆ ಖಡಕ್ಕಾಗಿರಬೇಕು. ಈಗ ಯಾರೇ ಲಾಖಿ ತೋರಿಸಿದರೂ ತಿರುವುಮುರುವಾದ ಮುಖವನ್ನು ಮೊದಲು ನೋಡುವುದೇ ಇಲ್ಲ. ಮಗುಚಿ ಇನ್ನೊಂದು ಕಡೆ ನೋಡುತ್ತೇನೆ.

ಹತ್ತು ರೂಪಾಯಿಯ ನಡುಭಾಗ ಬಿದ್ದುಹೋದ ಬಳೆಗಳೂ ಬರುತ್ತವೆ. ಬಳೆ ಮತ್ತು ನಡುಬಿಲ್ಲೆ ಸೇರಿಕೊಳ್ಳುವುದೇ ಆ ಒಂದು ಏಟಿನಲ್ಲಿ. ನಡುಬಿಲ್ಲೆ ಇಲ್ಲದೆ ಏಟು ಬಿದ್ದಿದ್ದರೆ ಒಳಅಂಚಿನ ಲೋಹ ಖಾಲಿ ಜಾಗಕ್ಕೆ ಹರಿದಿರುತ್ತಿತ್ತು. ನನಗೆ ಬಂದವುಗಳಲ್ಲಿ ಒಳಗೋಡೆ ನೆಟ್ಟಗಿದೆ, ಸುತ್ತಿಗೆಯ ಗುರುತೂ ಇದೆ. ಅಷ್ಟೇ.

ಎರರ್ ಅಲ್ಲದೆಯೂ ಎರರ್ ಎನಿಸಿಕೊಳ್ಳುವ ನಾಣ್ಯಗಳೇ ಹೆಚ್ಚು. ಇಸವಿಯ ಕೆಳಗೆ ಟಂಕಸಾಲೆಯ ಗುರುತೇ ಇಲ್ಲ ಎಂದು ಓಡಿಬರುವವರಿಗೆ ಹೇಳುತ್ತೇನೆ: ವಜ್ರಾಕಾರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 1985ರ ಒಂದು ರೂಪಾಯಿಯಲ್ಲಿ ಎಚ್ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾಗಿ ಬಂದದ್ದು. ಇನ್ನೊಬ್ಬರು ಅಮೆರಿಕದ ವಿಡಿಯೊ ನೋಡಿ ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಿ, ಹಿಂಬದಿ ತಲೆಕೆಳಗಾಗಿದೆ, ಅಚ್ಚು ತಿರುಗಿದೆ ಎಂದು ವಾದಿಸಿದರು. ಅಮೆರಿಕದ ನಾಣ್ಯವನ್ನು ಹಾಗೆಯೇ ಮಗುಚಬೇಕು. ನಮ್ಮದನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುವಬೇಕು. ತಿರುವಿ ತೋರಿಸಿದೆ. ಮುಖ ಸಪ್ಪೆಯಾಯಿತು, ಕಾಫಿ ಕುಡಿಸಿ ಕಳಿಸಿದೆ.

ಕಣ್ಣಿಗೆ ಕಾಣುವ ದೇವರುಗಳದ್ದು ಬೇರೆಯೇ ಸಮಸ್ಯೆ. ಹಾಲು ಹಾಕುವವರು ಐದು ರೂಪಾಯಿಯಲ್ಲಿ ಹೆಡೆ ಎತ್ತಿದ ನಾಗರವಿದೆ ಎಂದು ಅರಿಸಿನ ಹಚ್ಚಿ ತಂದರು. ನನಗೂ ನಾಗರವೇ ಕಂಡಿತು, ಸುಳ್ಳು ಹೇಳಲಾರೆ. ಆದರೆ ಗೆರೆ ಉಬ್ಬಿದೆಯೋ ತಗ್ಗಿದೆಯೋ ನೋಡಬೇಕು. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗುತ್ತದೆ. ಹಾಲಿನವರದು ತಗ್ಗುಗೆರೆ, ಎರಡೂ ದಡದಲ್ಲಿ ಉಳುಮೆಯ ಮಣ್ಣಿನಂತೆ ಲೋಹ ಎದ್ದಿತ್ತು. ಕೀಲಿಕೈಯ ಗೀರು. "ದೇವರ ಮನೆಯಲ್ಲಿ ಇಟ್ಟುಕೊಳ್ಳಿ, ಮಾರಲು ಹೋಗಬೇಡಿ" ಎಂದೆ. 2012ರಲ್ಲಿ ಅಧಿಕೃತವಾಗಿಯೇ ಬಂದ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಪುಕಾರು ಅವರ ಮೊಬೈಲಿಗೂ ಬಂದಿತ್ತು. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ ಎಂದೂ ಹೇಳಿದೆ. ಅವರಿಗೆ ಅಷ್ಟು ರುಚಿಸಲಿಲ್ಲ.

ಉಬ್ಬು-ತಗ್ಗಿನ ಈ ಲೆಕ್ಕಕ್ಕೂ ಅಪವಾದವಿದೆ. ಏಟು ಬೀಳುವಾಗ ಅಚ್ಚಿಗೂ ಬಿಲ್ಲೆಗೂ ನಡುವೆ ದಾರದ ಎಳೆ ಸಿಕ್ಕಿಕೊಂಡರೆ ಅಸಲಿ ಎರರ್ ಆಗಿಯೂ ಗುರುತು ತಗ್ಗಾಗಿಯೇ ಇರುತ್ತದೆ. ತಳ ನುಣುಪು, ದಡದಲ್ಲಿ ಲೋಹ ಎದ್ದಿರುವುದಿಲ್ಲ. ಅಂಥದ್ದೊಂದು ತಾಮ್ರ-ನಿಕ್ಕಲ್‌ನ ಐದು ರೂಪಾಯಿ ಕಳೆದ ಶ್ರಾವಣದ ಚೀಲದಲ್ಲಿ ಸಿಕ್ಕಿತು. ತೂಕ ಸರಿಯಾಗಿ 9 ಗ್ರಾಂ. ಸಿಂಹದ ಪಕ್ಕದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಬಾಗಿದ ತಗ್ಗು, ತಳ ನುಣುಪಾಗಿದೆ. ಆದರೆ ಅಂಚಿನ ಹತ್ತಿರ ಸಾಸಿವೆಗಿಂತ ಚಿಕ್ಕದೊಂದು ಲೋಹದ ಉಬ್ಬು ಇದೆ, ಅದು ಇರಬಾರದಿತ್ತು. ಕಾಫಿಪುಡಿ ಡಬ್ಬಿಯೊಂದಕ್ಕೆ 'ಅನುಮಾನ' ಎಂದು ಚೀಟಿ ಅಂಟಿಸಿ ಅದರೊಳಗೆ ಹಾಕಿದ್ದೇನೆ. ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ, ಮತ್ತೆ ಮುಚ್ಚಳ ಹಾಕುತ್ತೇನೆ.