ಅಡ್ವಾನ್ಸ್ ಕೊಡುವ ಮುಂಚೆ ಸಿಂಕ್ ಕೆಳಗಿನ ಬಾಗಿಲು ತೆಗೆದು ನೋಡಿ

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಮಾಡ್ಯುಲರ್ ಕಿಚನ್ ಮಾಡಿಸಬೇಕು ಅಂತಿರುವವರಿಗೆ ಒಂದು ಮಾತು. ಅಂಗಡಿಯಲ್ಲಿಟ್ಟ ಮಾದರಿ ನೋಡಿ ಒಪ್ಪಿಕೊಳ್ಳಬೇಡಿ. ಎರಡು ಮೂರು ವರ್ಷದ ಹಿಂದೆ ಅವರು ಕೆಲಸ ಮಾಡಿಕೊಟ್ಟ ಮನೆಯೊಂದನ್ನು ತೋರಿಸಿ ಅಂತ ಕೇಳಿ. ಅಲ್ಲಿ ಸಿಂಕ್ ಕೆಳಗಿನ ಬಾಗಿಲು ತೆಗೆದು, ಪೈಪ್ ಹೋಗುವ ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಉಬ್ಬಿದ್ದರೆ, ಮುಗ್ಗಲು ವಾಸನೆ ಬಂದರೆ, ಆ ಕೆಲಸ ನಮ್ಮೂರಿನ ಮಳೆಗೆ ತಡೆಯಲ್ಲ.

ನಮ್ಮನೆಯಲ್ಲಿ ಆಗಿದ್ದೂ ಅದೇ. ಎರಡನೇ ಮಳೆಗಾಲಕ್ಕೇ ಸಿಂಕ್ ಕೆಳಗಿನ ಹಲಗೆ ನೆನೆದ ರಸ್ಕ್ ಹಾಗೆ ಉದುರಿತು. ಸಾಮಾನು ಕೊಟ್ಟವರು ಫಿಟ್ಟಿಂಗ್ ಸರಿಯಿಲ್ಲ ಅಂದರು. ಫಿಟ್ಟಿಂಗ್ ಮಾಡಿದವರು ಸಾಮಾನೇ ಸರಿಯಿಲ್ಲ ಅಂದರು. ಅಮ್ಮ ಆರು ತಿಂಗಳು ಹಿತ್ತಲ ಕಲ್ಲಿನ ಮೇಲೆ ಪಾತ್ರೆ ತೊಳೆದರು, ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತೆ. ಸಾಮಾನು, ಫಿಟ್ಟಿಂಗ್ ಎರಡಕ್ಕೂ ಒಬ್ಬರೇ ಜವಾಬ್ದಾರಿ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಕೊಟೇಶನ್‌ನಲ್ಲಿ ಸುಮ್ನೆ ‘ವಾಟರ್‌ಪ್ರೂಫ್ ಪ್ಲೈ’ ಅಂತಿದ್ದರೆ ಸಾಲದು. ಸಿಂಕ್ ಭಾಗಕ್ಕಾದರೂ ಐಎಸ್ 710, ಅಂದರೆ ನೀರಿಗೆ ಚೆನ್ನಾಗಿ ತಡೆಯುವ ಮರೈನ್ ಪ್ಲೈವುಡ್‌ನ ಗುಣಮಟ್ಟದ ನಂಬರ್, ಅಂತ ಸ್ಪಷ್ಟವಾಗಿ ಇರಲಿ. ಕತ್ತರಿಸುವ ಮುಂಚೆ ಶೀಟಿನ ಮೇಲೆ ಐಎಸ್‌ಐ ಮುದ್ರೆ, ಆ ನಂಬರ್ ಎರಡೂ ಇವೆಯಾ ನೋಡಿ. ಬೇರೆ ಕಡೆ ಕತ್ತರಿಸಿ ತರುವುದಾದರೆ ಫೋಟೋ ಕಳಿಸಲು ಹೇಳಿ. ಕೊರೆದ ತೂತಿನ ಅಂಚಿಗೆಲ್ಲ ಸಿಲಿಕೋನ್ ಹಾಕಿಸಿ. ಐದು ನಿಮಿಷದ ಕೆಲಸ, ಆದರೆ ಜಾಸ್ತಿ ಜನ ಬಿಟ್ಟೇಬಿಡ್ತಾರೆ.

ಕಟ್ಟೆ ಎತ್ತರವನ್ನು ದಿನಾ ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳೆಸಿ. ಬೆನ್ನು ನೋಯುವುದು ಅವರಿಗೇ ಅಲ್ವಾ?

ಕೊನೆಯ ಕಂತು ಮಾತ್ರ ನೀರು ಬಿಟ್ಟು, ಒಂದು ವಾರ ಪಾತ್ರೆ ತೊಳೆದ ಮೇಲೆ ಕೊಡಿ. ಈ ಮಾತನ್ನು ಮೊದಲ ದಿನವೇ ಆಡಿಬಿಡಿ.