ಮಕ್ಕಳ ಬಗ್ಗೆ ದಿನಕ್ಕೊಂದು ಸಾಲು

ನಾನು 14 ವರ್ಷದಿಂದ ಡೇಕೇರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಹಸುಗೂಸುಗಳ ಕೋಣೆ, ಆಮೇಲೆ ಮೂರರಿಂದ ಐದು ವರ್ಷದವರ ಕೋಣೆ, ಈಗ ಜನ ಕಡಿಮೆ ಇದ್ದಾಗ ಎರಡೂ ನನ್ನದೇ. ಶುರುವಿನಲ್ಲಿ ನಮ್ಮ ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. ಯಾವ ತಿಂಗಳಿಗೆ ಕತ್ತು ನಿಲ್ಲಬೇಕು, ಯಾವಾಗ ಬೋರಲು ಬೀಳಬೇಕು, ಯಾವಾಗ ಕೂರಬೇಕು, ನಡೆಯಬೇಕು, ಎಲ್ಲಾ ಅದರಲ್ಲಿತ್ತು. ನಾನು ಅದನ್ನು ಅಂಕಪಟ್ಟಿ ಥರ ಓದುತ್ತಿದ್ದೆ. ಟಿಕ್ ಬಿದ್ದರೆ ಪಾಸು, ಬೀಳದಿದ್ದರೆ ಸಂಜೆ ಮಗುವನ್ನು ಕರೆದೊಯ್ಯಲು ಬಂದ ಅಮ್ಮನ ಹತ್ತಿರ ಪಿಸುದನಿಯಲ್ಲಿ ಒಂದು ಮಾತು.

ಹಾಗೆ ನಾನು ಹೆದರಿಸಿದ ಒಬ್ಬರ ಮಗು 11 ತಿಂಗಳಾದರೂ ಅಂಬೆಗಾಲಿಡಲಿಲ್ಲ. ಕೂತಲ್ಲೇ ಜರುಗಿಕೊಂಡು ಕೋಣೆಯೆಲ್ಲಾ ಓಡಾಡುತ್ತಿತ್ತು. ಒಂದು ದಿನ ಕುರ್ಚಿ ಹಿಡಿದು ಎದ್ದಿತು, 14ನೇ ತಿಂಗಳಲ್ಲಿ ನಡೆದೇಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿದ್ದು ಆಮೇಲೆ. ಅದರಲ್ಲಿ ಆರೋಗ್ಯವಾಗಿದ್ದ ಮಕ್ಕಳಲ್ಲೇ ಶೇ 4ರಷ್ಟು ಮಂದಿ ಕೈ-ಮಂಡಿ ಊರಿ ಹರಿದಾಡಲೇ ಇಲ್ಲ. ಆಸರೆಯಿಲ್ಲದೆ ನಡೆಯುವ ವಯಸ್ಸಂತೂ 8 ತಿಂಗಳಿಂದ ಹಿಡಿದು ಹದಿನೇಳೂವರೆ ತಿಂಗಳವರೆಗೆ ಹರಡಿತ್ತು. ಆ ತಾಯಿ ಮೂರು ತಿಂಗಳು ಸುಮ್ನೆ ನಿದ್ದೆಗೆಟ್ಟರು, ನನ್ನಿಂದ.

ಅವತ್ತಿಂದ ಪ್ರತಿ ಮಗುವಿಗೂ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ದಿನಕ್ಕೆ ಒಂದೇ ಸಾಲು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು, ನನಗೆ ಅನಿಸಿದ್ದನ್ನು ಬರೆಯಬಾರದು. ಕೇಳಲು ಸುಲಭ ಅಲ್ವಾ? ಮೊದಲ ತಿಂಗಳ ಪುಟಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ‘ಇವತ್ತು ಹಠ’, ‘ತುಂಬಾ ಚೂಟಿ’, ‘ಯಾಕೋ ಮಂಕು’. ಇದರಿಂದ ಏನೂ ಗೊತ್ತಾಗುವುದಿಲ್ಲ. ‘ಚೆಂಡು ಕಿತ್ತುಕೊಂಡಾಗ ನೆಲದ ಮೇಲೆ ಬಿದ್ದು 3 ನಿಮಿಷ ಅತ್ತ, ನೀರು ಕೊಟ್ಟಾಗ ನಿಲ್ಲಿಸಿದ’ ಅಂತ ಬರೆಯಲು ಕೈ ಪಳಗುವ ಹೊತ್ತಿಗೆ ಅರ್ಧ ವರ್ಷ ಕಳೆದಿತ್ತು.

ಹಸುಗೂಸುಗಳ ಕೋಣೆಯಲ್ಲಿ ಈ ಸಾಲುಗಳು ಮೊದಲು ಬದಲಾಯಿಸಿದ್ದು ನನ್ನನ್ನೇ. ನಾನು ಬಾಯಿಬಡುಕಿ. ಮಗುವಿನ ಮುಂದೆ ಬಿಡುವಿಲ್ಲದೆ ಮಾತಾಡಿದರೆ ಅದಕ್ಕೆ ಮಾತು ಬೇಗ ಬರುತ್ತದೆ ಅಂದುಕೊಂಡಿದ್ದೆ. ಬರೆಯಲು ಅಂತ ಸುಮ್ಮನೆ ಕೂತಾಗ ಬೇರೆಯದೇ ಕಂಡಿತು. ಎರಡೂವರೆ ತಿಂಗಳ ಕೂಸು ‘ಆಗೂ’ ಅನ್ನುತ್ತದೆ, ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತದೆ. ನಾನು ‘ಆಗೂ’ ಅಂದರೆ ಕಾಲು ಬಡಿಯುತ್ತದೆ, ಒಂದು ಗಳಿಗೆ ಬಿಟ್ಟು ಮತ್ತೆ ಅನ್ನುತ್ತದೆ. ಅದರ ಸರದಿಯನ್ನೆಲ್ಲಾ ಇಷ್ಟು ವರ್ಷ ನಾನೇ ನುಂಗಿಬಿಟ್ಟಿದ್ದೆ! ಈಗ ಏನಾದರೂ ಅಂದಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಇನ್ನೂ ಚಿಕ್ಕ ಕೂಸಾದರೆ ಮುಖವನ್ನು ಹತ್ತಿರ ಒಯ್ಯಬೇಕು, ಯಾಕೆಂದರೆ ಹುಟ್ಟಿದ ಹೊಸದರಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಮಾತ್ರ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ.

ಎಂಟು-ಒಂಬತ್ತು ತಿಂಗಳ ಹೊತ್ತಿಗೆ ಬರುವ ಅಳುವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿನ್ನೆವರೆಗೆ ಯಾರ ತೋಳಿಗೂ ಹೋಗುತ್ತಿದ್ದ ಮಗು ಹೊಸಬರನ್ನು ಕಂಡರೆ ಚೀರುತ್ತದೆ, ಅಮ್ಮ ಬಾಗಿಲ ಕಡೆ ತಿರುಗಿದರೆ ಸಾಕು, ರಚ್ಚೆ. ‘ಮಗು ಕೆಟ್ಟುಹೋಯಿತು’ ಅಂತ ಮನೆಯವರು ಅನ್ನುತ್ತಾರೆ. ನನ್ನ ನೋಟ್‌ಬುಕ್‌ಗಳಲ್ಲಿ ಅದೇ ವಾರಗಳ ಆಸುಪಾಸಿನಲ್ಲಿ ಇನ್ನೊಂದು ಸಾಲು ಸಿಗುತ್ತದೆ: ‘ಬಟ್ಟೆ ಕೆಳಗೆ ಬಚ್ಚಿಟ್ಟ ಗಿಲಕಿಯನ್ನು ಬಟ್ಟೆ ಎಳೆದು ತೆಗೆಯಿತು.’ ಅದಕ್ಕೂ ಮುಂಚೆ ಗಿಲಕಿ ಮುಚ್ಚಿಟ್ಟರೆ ಬೇರೆ ಕಡೆ ತಿರುಗಿಬಿಡುತ್ತಿತ್ತು. ಈಗ ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಅಂತ ಹುಡುಕುತ್ತದೆ. ಹಾಗಾದರೆ ಕಾಣದ ಅಮ್ಮನೂ ಎಲ್ಲೋ ಇದ್ದಾಳೆ, ಇಲ್ಲಿಲ್ಲ ಅಷ್ಟೇ. ಅಳದೆ ಏನು ಮಾಡುತ್ತದೆ ಪಾಪ. ಇದು ಹೊಳೆದ ಮೇಲೆ, ಮಗು ಆಟದಲ್ಲಿದ್ದಾಗ ಕಳ್ಳಹೆಜ್ಜೆಯಲ್ಲಿ ಹೋಗಿಬಿಡಿ ಅಂತ ಅಮ್ಮಂದಿರಿಗೆ ಹೇಳುವುದನ್ನು ನಿಲ್ಲಿಸಿದೆ. ಟಾಟಾ ಮಾಡಿ, ಬರ್ತೀನಿ ಅಂತ ಹೇಳಿ, ಅತ್ತರೂ ಪರವಾಗಿಲ್ಲ, ಆಮೇಲೆ ನಿಲ್ಲದೆ ಹೋಗಿ. ಮೊದಲ ವಾರ ಅಳು ಜೋರಾಗೇ ಇರುತ್ತದೆ. ಆದರೆ ಕದ್ದು ಹೋದವರ ಮಕ್ಕಳು ದಿನವಿಡೀ ಬಾಗಿಲು ನೋಡುತ್ತಾ ಆಟವನ್ನೇ ಆಡದ ದಿನಗಳು ನನ್ನ ಪುಟಗಳಲ್ಲಿವೆ.

ಇಷ್ಟೆಲ್ಲಾ ಬರೆದುಕೊಂಡೂ ಒಂದು ಕಡೆ ಎಡವಿದೆ. 22 ತಿಂಗಳ ಹುಡುಗ, ನಾಲ್ಕೈದೇ ಮಾತು. ಏನು ಬೇಕಾದರೂ ಬೆರಳು ತೋರಿಸುತ್ತಿದ್ದ, ತೋರಿಸಿ ನನ್ನ ಮುಖ ನೋಡುತ್ತಿದ್ದ, ನಗುತ್ತಿದ್ದ, ಆಟದ ಸಾಮಾನು ತಂದು ಕೈಗಿಡುತ್ತಿದ್ದ. ಅದಕ್ಕೇ ನಾನು ನೆಮ್ಮದಿಯಾಗಿದ್ದೆ. ಅವನ ಅಪ್ಪನಿಗೂ ಮಾತು ತಡವಾಗಿ ಬಂದಿತ್ತಂತೆ, ಅಜ್ಜಿ ಹೇಳಿದರು. ಗಂಡುಮಕ್ಕಳಲ್ವಾ, ಸ್ವಲ್ಪ ಕಾಯಿರಿ ಅಂತ ನಾನೂ ಸೇರಿಸಿದೆ. ಮೂರು ತಿಂಗಳಾದ ಮೇಲೆ ಬೇರೇನೋ ಹುಡುಕುತ್ತಾ ಅವನ ನೋಟ್‌ಬುಕ್ ತಿರುವಿದರೆ ‘ಕರೆದೆ, ತಿರುಗಲಿಲ್ಲ’ ಅನ್ನುವ ಸಾಲು ಆರು ಕಡೆ ಇತ್ತು. ಆರು ಸಲವೂ ನಾನು ಅವನ ಬೆನ್ನ ಹಿಂದೆ ಇದ್ದೆ. ಅದರಲ್ಲಿ ನಾಲ್ಕು ದಿನ ಮೂಗು ಸೋರುತ್ತಿತ್ತು ಅಂತಲೂ ನಾನೇ ಬರೆದಿದ್ದೆ. ಕಿವಿ ತೋರಿಸಿ ಅಂತ ಅವತ್ತೇ ಹೇಳಿದೆ. ಎರಡೂ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು, ನೆಗಡಿ ಆಗಾಗ ಬರುವ ಮಕ್ಕಳಲ್ಲಿ ಹೀಗಾಗುತ್ತದೆ. ಚಿಕಿತ್ಸೆಯಾದ ಮೇಲೆ ಮಾತು ಒಂದೊಂದಾಗಿ ಬಂತು. ಸಾಕ್ಷಿಯೆಲ್ಲಾ ನನ್ನ ಕೈಯಲ್ಲೇ ಇತ್ತು, ನಾನೇ ಓದಿರಲಿಲ್ಲ. ಈಗ ತಿಂಗಳಿಗೊಮ್ಮೆ ಎಲ್ಲಾ ನೋಟ್‌ಬುಕ್ ಹರಡಿಕೊಂಡು ಕೂರುತ್ತೇನೆ. ಬರೆಯುವುದಕ್ಕಿಂತ ಅದು ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಗೋಡೆಯ ಪಟ್ಟಿಯನ್ನೂ ಮತ್ತೆ ಅಂಟಿಸಿದೆ, ಪಕ್ಕಕ್ಕಿಟ್ಟು ನೋಡಲು.

ಎರಡು ವರ್ಷದವರ ರಂಪಕ್ಕೆ ನನ್ನ ಹತ್ತಿರ ದೊಡ್ಡ ಉಪಾಯವಿಲ್ಲ. ಯಾವ ಹೊತ್ತಿಗೆ ಅಂತ ಬರೆದೆ, ಅಷ್ಟೇ. ಬಹುಪಾಲು ರಂಪ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ. ಊಟವನ್ನು ಅರ್ಧ ಗಂಟೆ ಮುಂಚೆಯೇ ಕೊಡತೊಡಗಿದೆವು, ರಂಪ ಕಡಿಮೆಯಾಯಿತು. ಇನ್ನು ‘ಹಂಚಿಕೊಂಡು ಆಡು’ ಅಂತ ಈ ವಯಸ್ಸಿನವರಿಗೆ ಹೇಳಿ ಗಂಟಲು ನೋಯಿಸಿಕೊಂಡದ್ದೇ ಬಂತು. ಅವರು ಅಕ್ಕಪಕ್ಕ ಕೂತು ಬೇರೆ ಬೇರೆ ಆಡುತ್ತಾರೆ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ 1932ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ನಾನು ಓದದೆ ವರ್ಷಗಟ್ಟಲೆ ಪಂಚಾಯಿತಿ ಮಾಡಿದೆ. ಈಗ ಒಂದೇ ಥರದ ಎರಡು ಲಾರಿ ಇಟ್ಟುಬಿಡುತ್ತೇನೆ.

ಮೂರು ವರ್ಷದವರ ಮಾತು ಬರೆದುಕೊಳ್ಳುವುದು ನನಗೆ ಎಲ್ಲಕ್ಕಿಂತ ಇಷ್ಟ. ಎರಡು ವರ್ಷದಲ್ಲಿ ‘ಬಿದ್ದೆ’ ಅಂತ ಸರಿಯಾಗೇ ಹೇಳುತ್ತಿದ್ದ ಹುಡುಗಿ ಮೂರಕ್ಕೆ ‘ಬೀಳಿದೆ’ ಅಂದಳು, ‘ತಿಂದೆ’ ಹೋಗಿ ‘ತಿನ್ನಿದೆ’ ಬಂತು. ಮಗು ಹಿಂದಕ್ಕೆ ಹೋಗುತ್ತಿದೆಯಾ ಅಂತ ಮನೆಯವರಿಗೆ ಆತಂಕ. ಅಲ್ಲ, ಆಗ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದಳು. ಈಗ ನೋಡಿದೆ, ಮಾಡಿದೆ, ಹಾಡಿದೆ ಅಂತೆಲ್ಲಾ ಕೇಳಿ ತಾನೇ ಒಂದು ನಿಯಮ ಕಂಡುಕೊಂಡಿದ್ದಾಳೆ, ಎಲ್ಲದಕ್ಕೂ ಹಚ್ಚುತ್ತಿದ್ದಾಳೆ. ನಾನು ತಿದ್ದುವುದಿಲ್ಲ. ‘ಹೌದಾ, ಬಿದ್ದೆಯಾ? ಎಲ್ಲಿ ಬಿದ್ದೆ?’ ಅಂತ ಕೇಳುತ್ತೇನೆ. ತಾನಾಗೇ ಸರಿಹೋಗುತ್ತದೆ.

ನಾಲ್ಕರ ಹತ್ತಿರ ಬಂದಾಗ ಒಂದು ಆಟ ಆಡಿಸುತ್ತೇನೆ. ಪೆನ್ಸಿಲ್ ಡಬ್ಬಿಯೊಳಗೆ ಗುಂಡಿಗಳನ್ನು ಹಾಕಿ, ತೆಗೆದು ತೋರಿಸಿ, ಮತ್ತೆ ಮುಚ್ಚಿ, ‘ಹೊರಗಿರುವ ನಿನ್ನ ಗೆಳೆಯ ಇದನ್ನು ನೋಡಿದರೆ ಒಳಗೆ ಏನಿದೆ ಅಂತಾನೆ?’ ಅಂತ ಕೇಳುತ್ತೇನೆ. ಮೂರು ವರ್ಷದವರು ಹೆಚ್ಚಾಗಿ ‘ಗುಂಡಿ’ ಅನ್ನುತ್ತಾರೆ. ತನಗೆ ಗೊತ್ತು ಅಂದಮೇಲೆ ಎಲ್ಲರಿಗೂ ಗೊತ್ತು. ನಾಲ್ಕು ದಾಟಿದವರು ‘ಪೆನ್ಸಿಲ್ ಅಂತಾನೆ’ ಅಂದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಸುಳ್ಳು ಹೇಳುವುದು ಚುರುಕಾಗುವುದೂ ಇದೇ ಹೊತ್ತಿಗೆ, ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ಹೊಡೆದಾಟ ಬಿಡಿಸುವಾಗಲೂ ಮೂರರವನಿಗೆ ‘ಅವನಿಗೆ ಏನನಿಸಿರಬಹುದು’ ಅಂತ ಪ್ರಶ್ನೆ ಹಾಕುವುದಿಲ್ಲ. ‘ಅವನ ಮುಖ ನೋಡು, ಅಳ್ತಿದ್ದಾನೆ’ ಅನ್ನುತ್ತೇನೆ.

ಬೇಗ ಅಕ್ಷರ ಬರೆಸಿ ಅನ್ನುವ ವಿಷಯಕ್ಕೆ ಮಾತ್ರ ಮಕ್ಕಳ ಮನೆಯವರ ಜೊತೆ ಇನ್ನೂ ಜಗಳ. ಮೂರಕ್ಕೆ ಸೊನ್ನೆ ಸುತ್ತಿದರೆ, ನಾಲ್ಕೂವರೆಯ ಹೊತ್ತಿಗೆ ಚೌಕ ಬರೆದರೆ ಆ ಕೈ ತನ್ನ ದಾರಿಯಲ್ಲೇ ಇದೆ. ಅಲ್ಲಿವರೆಗೆ ಮಣ್ಣು ಕಲಸಲಿ, ಕಾಗದ ಹರಿಯಲಿ.

ಕಾಯದೆ ಹೇಳುವ ವಿಷಯಗಳೂ ಇವೆ. ವರ್ಷ ದಾಟಿ ಕೆಲವು ತಿಂಗಳಾದರೂ ಬೆರಳು ತೋರಿಸದ ಮಗು, 16 ತಿಂಗಳಾದರೂ ಒಂದೂ ಮಾತಿಲ್ಲದ ಮಗು, ಎರಡು ವರ್ಷವಾದರೂ ಎರಡು ಮಾತು ಜೋಡಿಸದ ಮಗು. ಇನ್ನು, ಬರುತ್ತಿದ್ದ ಮಾತೋ ನಡಿಗೆಯೋ ನಿಂತುಹೋದರೆ ಯಾವ ವಯಸ್ಸಾದರೂ ಸರಿ, ತಿಂಗಳ ಕೊನೆಯವರೆಗೂ ಕಾಯುವುದಿಲ್ಲ, ಅದೇ ದಿನ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಎರಡು ವರ್ಷದವರೆಗೆ, ಹುಟ್ಟಬೇಕಿದ್ದ ದಿನದಿಂದ ಲೆಕ್ಕ ಹಿಡಿಯುತ್ತೇನೆ.

ಈಗ ಕೋಣೆಯಲ್ಲಿ 10 ತಿಂಗಳ ಒಂದು ಮಗು ಇದೆ, ಅದೂ ಕೂತಲ್ಲೇ ಜರುಗುತ್ತದೆ. ಅಮ್ಮ ನಿನ್ನೆ ಕೇಳಿದರು. ನೋಟ್‌ಬುಕ್ ತೆಗೆದು ಕೊನೆಯ ಸಾಲು ತೋರಿಸಿದೆ: ‘ನನ್ನ ಸೀರೆ ಹಿಡಿದು ಮೇಲೆದ್ದಿತು, ಎರಡು ಗಳಿಗೆ ನಿಂತಿತು, ಕುಕ್ಕರಿಸಿತು, ಮತ್ತೆ ಸೀರೆಗೆ ಕೈ ಹಾಕಿತು.’