ಶಾಲೆಗೆ ಕಂಪ್ಯೂಟರ್ ತರುವ ಮುನ್ನ

ಯಂತ್ರಗಳ ಪಟ್ಟಿಯಿಂದಲ್ಲ, ಯಾವ ತರಗತಿಯ ಮಕ್ಕಳಿಗೆ ಯಾವ ಪಾಠ ಕಷ್ಟವಾಗುತ್ತಿದೆ ಎಂಬ ಪ್ರಶ್ನೆಯಿಂದ ಯೋಜನೆ ಆರಂಭವಾಗಬೇಕು. ಪೆರು ದೇಶವು 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಶಾಲೆಗಳಿಗೆ ಹಂಚಿತು. ಆದರೂ 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತ ಮತ್ತು ಭಾಷೆಯ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ.

ಯಂತ್ರ ಹಂಚಿದರಷ್ಟೇ ಸಾಲದು, ಅದು ತರಗತಿಯಲ್ಲಿ ಬಳಕೆಗೂ ಬರಬೇಕು. ಆದ್ದರಿಂದ ಖರೀದಿಗೆ ಮೊದಲು ಶಾಲಾ ವೇಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಎರಡು ವಾರ ಹಾಜರಿ ಪುಸ್ತಕದ ಪಕ್ಕದಲ್ಲೇ ಬರೆದಿಡಿ. ಯುಪಿಎಸ್ ಬೇಕೇ, ಸೌರಫಲಕವೇ ಬೇಕೇ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲದ ಊರಿನಲ್ಲಿ, ಕೊಲಿಬ್ರಿಯಂತಹ ಉಚಿತ ತಂತ್ರಾಂಶವನ್ನು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಅಳವಡಿಸಿ, ಪಾಠಗಳನ್ನು ಮೊದಲೇ ಅದರಲ್ಲಿ ತುಂಬಿಟ್ಟರೆ, ಶಾಲೆಯೊಳಗಿನ ವೈಫೈ ಮೂಲಕವೇ ಪಾಠಗಳು ಮಕ್ಕಳಿಗೆ ಸಿಗುತ್ತವೆ. ಶಿಕ್ಷಕರ ತರಬೇತಿ, ದುರಸ್ತಿ ಮತ್ತು ಬ್ಯಾಟರಿ ಬದಲಾವಣೆಗೆ ಹಣವನ್ನು ಮೊದಲ ದಿನವೇ ಎತ್ತಿಡಿ. ಶಿಕ್ಷಕರನ್ನು ಕೇಳದೆ ಏನನ್ನೂ ಕೊಳ್ಳಬೇಡಿ.